ಮಾಸ್ತಮ್ಮನಿಗೆ ಎಣ್ಣೆನೀರು

ನಮ್ಮ ಸೋದರತ್ತೆಯ ಬಲಗೈ ಹೆಬ್ಬೆರಳು ಮಾತ್ರ ಕಪ್ಪಗಿತ್ತು. ಉಗುರಿನ ಸುತ್ತ, ಚರ್ಮದ ಗೆರೆಗಳ ಒಳಗೆ ಹರಳೆಣ್ಣೆಯೂ ದೀಪದ ಮಸಿಯೂ ಕೂತುಬಿಟ್ಟು, ಅದು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಅವರು ತಲೆ ಸವರಿದರೆ ಎಣ್ಣೆಯ ವಾಸನೆ ಸಂಜೆಯವರೆಗೂ ನಮ್ಮ ಜೊತೆಗಿರುತ್ತಿತ್ತು.

ಹನೂರಿನಿಂದ ಲೊಕ್ಕನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಅವರ ಊರು. ಊರ ಮುಂದೆ, ಬೆಟ್ಟದ ದೇವರಿಗೆ ನಡೆದು ಹೋಗುವವರು ಇಳಿದುಕೊಳ್ಳಲೆಂದು ಯಾವುದೋ ಕಾಲದಲ್ಲಿ ಯಾರೋ ಕಟ್ಟಿಸಿದ ಕಲ್ಲುಮಂಟಪ. ಯಳಂದೂರಿನ ಬಳೆ ಮಂಟಪ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇದಕ್ಕೆ ಬರುತ್ತಿದ್ದದ್ದು ಆಡುಗಳು ಮಾತ್ರ. ಅದರ ಮುಂದೆ ಆಳೆತ್ತರದ ಮಾಸ್ತಮ್ಮನ ಕಲ್ಲು. ಗಂಡನ ಚಿತೆ ಏರಿದ ಹೆಣ್ಣಿನ ಕಲ್ಲು ಎಂದು ಊರೆಲ್ಲ ನಂಬಿತ್ತು. ಶುಕ್ರವಾರ ಅದಕ್ಕೆ ಎಣ್ಣೆ ಬಳಿಯುವುದು ಅತ್ತೆ ಸೇರಿದ ಮನೆಯವರ ಪಾಲಿನ ಕೆಲಸ. ತಲೆತಲಾಂತರದ ಎಣ್ಣೆ, ಮಸಿ, ಅರಿಸಿನ ಕಟ್ಟಿಕೊಂಡು ಕಲ್ಲು ಕರಿ ಮುದ್ದೆಯಾಗಿತ್ತು. ಮೇಲೆತ್ತಿದ ಕೈಯೊಂದು ಉಬ್ಬಿದಂತೆ ಕಾಣುತ್ತಿತ್ತು, ಅಷ್ಟೆ.

ಅತ್ತೆಯ ಗಂಡ ಮದುವೆಯಾದ ಹೊಸದರಲ್ಲೇ ತೀರಿಕೊಂಡಿದ್ದರು. ಎಣ್ಣೆ ಬಳಿಯುವಾಗ ಅವರ ಕಿವಿಗೆ ಬೀಳುವ ಹಾಗೆಯೇ ಹೆಂಗಸರು, "ಆವಮ್ಮ ಗಂಡನ್ ಇಂದೇಲೆ ಓದ್ಳು, ಈವಮ್ಮ ಉಣ್ಣಕ್ಕೆ ಉಳ್ಕಂಡ್ಳು" ಎನ್ನುತ್ತಿದ್ದರು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅತ್ತೆ ಮಾತ್ರ ತಿರುಗಿ ಒಂದು ಮಾತಾಡಿದವರಲ್ಲ. ಹಸು ಕಟ್ಟಿದರು. ಚಿರತೆ ಕರುವನ್ನು ಹೊತ್ತೊಯ್ದರೆ ಇನ್ನೊಂದು ಕರು ಸಾಕಿದರು.

ನನ್ನನ್ನು ಕೊಟ್ಟಿದ್ದು ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಗೆ. ಹೊಸ ಸೀರೆ ಮಗ್ಗದಿಂದ ಇಳಿದಾಗ ಉಳಿಯುವ ರೇಷ್ಮೆಯ ತುಂಡನ್ನು ನಾನು ಮಾಸ್ತಮ್ಮನಿಗೆ ಕಟ್ಟಲು ಕೊಂಡೊಯ್ಯುತ್ತಿದ್ದೆ. ಅವತ್ತೂ ಹಾಗೆಯೇ ತುಂಡು ಹಿಡಿದು ಬಸ್ಸಿಳಿದರೆ ಕಲ್ಲಿನ ಎದುರು ಜೆಸಿಬಿ ನಿಂತಿದೆ. ರಸ್ತೆ ಅಗಲ ಮಾಡುವ ಕೆಲಸ. ಕಲ್ಲಿಗೆ ಬೆನ್ನು ಕೊಟ್ಟು ಅತ್ತೆ ನೆಲದ ಮೇಲೆ ಕೂತಿದ್ದಾರೆ.

ಇಂಜಿನಿಯರು ಒರಟನಲ್ಲ. "ಅಮ್ಮಾ, ಕೆತ್ತನೆ ಇರೋ ಹಳೇ ಕಲ್ಲು ಅಂತಾದ್ರೆ ಫೋಟೊ ತೆಗೆದು ಮೇಲಿನವರಿಗೆ ಕಳಿಸ್ತೀನಿ, ಕೆಲಸ ನಿಲ್ಲಿಸ್ತಾರೆ. ಇದರಲ್ಲಿ ಏನೂ ಕಾಣ್ತಿಲ್ವಲ್ಲ. ಮಧ್ಯಾಹ್ನದೊಳಗೆ ಕಿತ್ತು ಮಂಟಪಾನೂ ಇಳಿಸಬೇಕು" ಎಂದರು.

"ತೊಳೆದು ನೋಡೋಣ" ಎಂದುಬಿಟ್ಟೆ.

ಊರ ಯಜಮಾನರು ಉರಿದುಬಿದ್ದರು. "ಮುಟ್ಟುದ್ರೆ ಕೈ ಮುರುದ್ಬುಟ್ಟೇನು. ಆ ಎಣ್ಣೆ ಅಮ್ಮನ ಮೈಮ್ಯಾಲಿನ ಸೀರೆ. ಊರ್ ಮುಂದೆ ಸೀರೆ ಬಿಚ್ಚೀರಾ?"

ಡ್ರೈವರು ಇಂಜಿನ್ ಶುರು ಮಾಡಿದ. ಕಾಲಡಿಯ ನೆಲ ಅದುರುತ್ತಿತ್ತು. ತೊಳೆಯದೆ ಬಿಟ್ಟರೆ ಕಲ್ಲು ಹೋಗುತ್ತದೆ, ತೊಳೆದರೆ ಊರು ಅತ್ತೆಯನ್ನು ಬಿಡುವುದಿಲ್ಲ. ಅತ್ತೆ ಮೊಣಕಾಲು ಹಿಡಿದು ಎದ್ದು ಯಜಮಾನರತ್ತ ತಿರುಗಿದರು.

"ಅಣ್ಣೋ, ಎಣ್ಣೆ ಒತ್ಕಂಡ್ ಮ್ಯಾಲೆ ನೀನು ಏನ್ ಮಾಡೀಯೆ?"

"ನೀರ್ ಉಯ್ಕತೀನಿ. ಇನ್ನೇನ್ ಮಾಡರು?"

"ಈ ತಾಯಿಗೆ ಎಣ್ಣೆ ಒತ್ತುಬುಟ್ಟು ನಾವ್ಯಾರೂ ನೀರೇ ಉಯ್ದಿಲ್ಲ ಕಣಣ್ಣ. ಎಣ್ಣೆ ಮೈಲೇ ಕೂರ್ಸ್‌ಬುಟ್ಟಿವಿ. ತೆಪ್ಪು ನಮ್ದು."

ಅತ್ತೆ ಅವರ ಉತ್ತರಕ್ಕೆ ಕಾಯಲಿಲ್ಲ. ಹಂಡೆಯಲ್ಲಿ ನೀರು ಕಾಯಿಸಲು ಹೇಳಿದರು, ಸೀಗೆಪುಡಿ ತರಿಸಿದರು. ಹೆಂಗಸರು ಸುತ್ತ ಸೀರೆ ಹಿಡಿದು ಮರೆ ಮಾಡಿದರು. "ಅಮ್ಮ ನೀರ್ ಉಯ್ಕತಾವ್ಳೆ, ಗಂಡಸ್ರೆಲ್ಲ ಆ ಕಡೆ ತಿರುಕ್ಕಳಿ" ಎಂದರು ಅತ್ತೆ. ಯಜಮಾನರು, ಇಂಜಿನಿಯರು, ಇಂಜಿನ್ ಆರಿಸಿ ಕೆಳಗಿಳಿದ ಡ್ರೈವರು, ಎಲ್ಲರೂ ಬೆನ್ನು ತಿರುಗಿಸಿ ನಿಂತರು. ನನಗೆ ನಗು ಬಂತು.

ಎಣ್ಣೆ ಹೆಕ್ಕಳೆ ಹೆಕ್ಕಳೆಯಾಗಿ ಎದ್ದು ಬಂತು. ಅತ್ತೆ ಗೊಣಗುತ್ತಿದ್ದರು, "ವಸಿ ತಡ್ಕೊ ತಾಯಿ, ಕಣ್ಣಿಗೆ ಬಿದ್ದಾತು." ಒಳಗೆ ಬರೀ ಬಂಡೆ ಇದ್ದರೆ ಎಂದು ನನಗೆ ಭಯ. ಮೊದಲು ಬಳೆ ಕಂಡವು. ಆಮೇಲೆ ಎತ್ತಿದ ಕೈ. ನಾನು ತಂದಿದ್ದ ರೇಷ್ಮೆ ತುಂಡನ್ನು ಇಸಿದುಕೊಂಡು ಅತ್ತೆ ಮೆಲ್ಲಗೆ ಒರೆಸಿದರು. ಕೈಯಲ್ಲಿ ಮಚ್ಚು. ಎದುರಿಗೆ ಬಾಯಿ ತೆರೆದ ಹುಲಿ. ಅವಳ ಸೆರಗಿನ ಹಿಂದೆ ಒಂದು ಪುಟ್ಟ ಕರು.

ಚಿತೆ ಇರಲಿಲ್ಲ. ಗಂಡನೂ ಇರಲಿಲ್ಲ.

ಸೀರೆ ಹಿಡಿದಿದ್ದ ಹೆಂಗಸರು ಬಗ್ಗಿ ನೋಡಿದರು. ಅತ್ತೆ ಕರುವಿನ ಮೇಲೆ ಹೆಬ್ಬೆರಳಾಡಿಸಿದರು. "ಇವ್ಳು ಸಾಯಕ್ಕೆ ಓದೋಳಲ್ಲ ಕಣವ್ವ" ಎಂದರು, ನನಗೊಬ್ಬಳಿಗೆ ಕೇಳುವಷ್ಟು.

ಇಂಜಿನಿಯರು ಫೋಟೊ ಕಳಿಸಿದರು. ಸಂಜೆಗೆ ಜೆಸಿಬಿ ವಾಪಸ್ಸು ಹೋಯಿತು. ಈಗ ರಸ್ತೆ ಅಲ್ಲಿ ಸ್ವಲ್ಪ ಬಳಸಿಕೊಂಡು ಹೋಗುತ್ತದೆ. ಅವತ್ತಿನಿಂದ ಅತ್ತೆ ಎಣ್ಣೆಯನ್ನು ಕಲ್ಲಿಗೆ ಬಳಿಯಲಿಲ್ಲ, ಅದರ ಪಾದದ ಬಳಿ ದೀಪಕ್ಕೆ ಹಾಕಿದರು. ದೀಪದ ಬತ್ತಿ ತೀಡುವುದು ಮಾತ್ರ ಅದೇ ಹೆಬ್ಬೆರಳಿನಿಂದ.

ಕೆಲವು ವರ್ಷಗಳ ನಂತರ ನನ್ನ ಗಂಡ ಮಗ್ಗದ ಮುಂದೆಯೇ ಕುಸಿದು ಹೋದರು. ತಿಥಿಯ ದಿನ ನನ್ನ ಬಳೆ ಒಡೆಯಲು ನೆಂಟರ ಹೆಂಗಸರು ಸುತ್ತುವರಿದಾಗ ನಾನು ಕೈ ನೀಡಿ ಕೂತಿದ್ದೆ. ಅಡ್ಡ ಬಂದು ನನ್ನ ಮಣಿಕಟ್ಟು ಹಿಡಿದದ್ದು ಅತ್ತೆ. ಅವರದು ಬರಿಗೈ. "ನಂದು ಒಡುದ್ರಿ, ಸುಮ್ಕಿದ್ದೆ. ಇವ್ಳದ್ದು ಮುಟ್ಬ್ಯಾಡಿ" ಎಂದರು. ಹಿಡಿದ ಕೈಯನ್ನು ಅವರೆಲ್ಲ ಎದ್ದು ಹೋಗುವ ತನಕ ಸಡಿಲಿಸಲಿಲ್ಲ.

ಹೋದ ಮಾಗಿಯಲ್ಲಿ ಅತ್ತೆ ತೀರಿಕೊಂಡರು. ಅವರ ಕೊನೆಯ ಎಣ್ಣೆನೀರು ನಾನೇ ಹಾಕಿದೆ. ಸೀಗೆಪುಡಿ ಎಷ್ಟು ಉಜ್ಜಿದರೂ ಹೆಬ್ಬೆರಳಿನ ಕಪ್ಪು ಹೋಗಲಿಲ್ಲ. ಇರಲಿ ಎಂದು ಬಿಟ್ಟೆ. ಚೊಂಬಿನಿಂದ ನೀರು ಸುರಿಯುವಾಗಲೆಲ್ಲ ನನ್ನ ಕೈಯ ಬಳೆಗಳು ಸದ್ದು ಮಾಡುತ್ತಿದ್ದವು.