ತುರುಬಿಗೆ ಎರಡು ಬೆರಳು

ಕಳೆದ ವಾರ ಹುಬ್ಬಳ್ಳಿಯಿಂದ ನಮ್ಮ ದಾಂಡೇಲಿಯ ಮನೆಗೆ ಒಬ್ಬರು ಬಂದಿದ್ದರು. ಹಳೆಯ ಕಾರಿನ ಯೋಗ್ಯತೆ ಅಳೆಯುವುದೇ ಅವರ ಉದ್ಯೋಗ. ಬಾನೆಟ್ಟು ಎತ್ತಿದರು, ಟಯರು ಒದ್ದರು, ಡಿಕ್ಕಿಯಲ್ಲಿ ತಲೆ ಹಾಕಿ ಮೂಸಿದರು. ಕೊನೆಗೆ ಹಿಂದಿನ ಸೀಟಿನಲ್ಲಿ ಕುಳಿತು ಮೇಲೆ ನೋಡಿ, "ಇದೇನ್ರಿ ಇದು ಕಲಿ?" ಅಂದರು. ಎಡಗಡೆಯ ಸೀಟಿನ ನೇರ ಮೇಲೆ, ಛಾವಣಿಯ ಬಟ್ಟೆಗೆ ಅಂಗೈಯಗಲದ ಎಣ್ಣೆಯ ಗುರುತು. ಮೂಗು ಹತ್ತಿರ ಒಯ್ದರೆ ಈಗಲೂ ಕೊಬ್ಬರಿ ಎಣ್ಣೆಯ ವಾಸನೆ. "ಅದು ನಮ್ಮ ಅತ್ತಿ ತುರುಬಿಂದ್ರಿ" ಅಂದೆ. ಅವರು ತಮ್ಮ ಕಾಗದದಲ್ಲಿ ಏನೋ ಬರೆದುಕೊಂಡರು. ಅತ್ತೆಯ ತುರುಬು ಎಂದಂತೂ ಬರೆದಿರಲಾರರು.

ಅವರು ಹೋದ ಮೇಲೆ ನಾನು ಮತ್ತೆ ಮೊಬೈಲು ಹಿಡಿದು ಕುಳಿತೆ. ಎಂಟು ತಿಂಗಳಿಂದ ಮೂರು ಹೊಸ ಕಾರುಗಳನ್ನು ಹೋಲಿಸುತ್ತಿದ್ದೇನೆ. ಒಂದರ ಮೈಲೇಜು ಚೆಂದ, ಇನ್ನೊಂದರ ಡಿಕ್ಕಿ ಚೆಂದ, ಮೂರನೆಯದರ ಬಣ್ಣ ಚೆಂದ. ನೀವು ನಗಬಹುದು. ಆದರೆ ಇದು ನನ್ನ ತಪ್ಪಲ್ಲ, ನಮ್ಮ ಮನೆತನದ ರೋಗ. ನನಗೆ ಬಂದಿರುವುದು ಇದರ ಸೌಮ್ಯ ರೂಪ. ಉಗ್ರ ರೂಪ ನೋಡಬೇಕಿದ್ದರೆ ನೀವು ನಮ್ಮ ಅಪ್ಪ ಮೊದಲ ಕಾರು ಕೊಂಡ ಕಾಲದಲ್ಲಿ ಬರಬೇಕಿತ್ತು.

ಅಪ್ಪ ಪೇಪರ್ ಮಿಲ್ಲಿನಲ್ಲಿ ಕಾಗದ ಪರೀಕ್ಷೆ ಮಾಡುವ ವಿಭಾಗದಲ್ಲಿದ್ದ. ಯಂತ್ರಗಳು ಇದ್ದರೂ ಅವನಿಗೆ ಅವುಗಳ ಮೇಲೆ ನಂಬಿಕೆ ಕಡಿಮೆ. ಹಾಳೆಯ ಒಂದು ಮೂಲೆ ಹಿಡಿದು ಕಿವಿಯ ಹತ್ತಿರ ಝಾಡಿಸಿ ಸಪ್ಪಳ ಕೇಳುತ್ತಿದ್ದ. ಹರಿದು ಅಂಚು ನೋಡುತ್ತಿದ್ದ. ನಾಲಿಗೆಯ ತುದಿಗೆ ಹಚ್ಚುತ್ತಿದ್ದ. ಒಂದು ಗುಣಕ್ಕೆ ಹತ್ತು ಅಂಕ. ಎರಡು ಮಾದರಿಗಳಿಗೆ ಸಮ ಅಂಕ ಬಂದರೆ ಮತ್ತೆ ಮೊದಲಿನಿಂದ ಪರೀಕ್ಷೆ. ಮದುವೆಗೆ ಹೆಣ್ಣು ನೋಡುವಾಗಲೂ ಹೀಗೇ ಮಾಡಿದ್ದನೆಂದು ಅವ್ವ ಹೇಳುತ್ತಾಳೆ. ನಾಲಿಗೆಗೆ ಹಚ್ಚಿದ್ದೊಂದು ಬಿಟ್ಟು.

ನಿವೃತ್ತನಾದ ವರ್ಷ ಅಪ್ಪನಿಗೆ ಕಾರು ಬೇಕಾಯಿತು. ಶೋಕಿಗಲ್ಲ. ಮುಂಡಗೋಡದ ಹತ್ತಿರ ಸನವಳ್ಳಿಯಲ್ಲಿ ಅವನ ಅಕ್ಕ ಇದ್ದಾಳೆ, ನಮ್ಮ ಅತ್ತಿ. ತಾಯಿಯಿಲ್ಲದ ತಮ್ಮನನ್ನು ಸಾಕಿ, ಓದಿಸಿ, ಮಿಲ್ಲಿನ ನೌಕರಿಗೆ ಕಳಿಸಿದವಳು. ಆ ತಮ್ಮ ಕಟ್ಟಿಸಿದ ಮನೆಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಬಸ್ಸು ಹತ್ತಿದರೆ ವಾಂತಿ; ಕಾಡಿನ ಎರಡನೆಯ ತಿರುವಿಗೇ ಶುರು. ವಾಸ್ತುಶಾಂತಿಗೆ ಹೊರಟವಳು ಅರ್ಧ ದಾರಿಯಿಂದ ತಿರುಗಿ ಹೋಗಿದ್ದಳು. ಈ ನಡುವೆ ಅವಳ ಕಣ್ಣು ಮಂದವಾಗತೊಡಗಿತ್ತು. ಹೋದ ನೋಟ ತಿರುಗಿ ಬರುವುದಿಲ್ಲ, ಇದ್ದದ್ದೂ ನಿಧಾನವಾಗಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತಿ ಫೋನಿನಲ್ಲಿ, "ಕಣ್ಣ ಹೋಗೂದರೊಳಗ ಗಾಡಿ ತೊಗೋಪಾ. ನಿನ್ನ ಮನಿ ಒಮ್ಮೆ ನೋಡಿಬಿಡ್ತೇನಿ" ಅಂದಳು. ಅಪ್ಪ ಅಂದೇ ಒಂದು ದೊಡ್ಡ ಹಾಳೆ ಹಾಸಿಕೊಂಡು ಗೆರೆ ಎಳೆಯಲು ಕುಳಿತ.

ಡಿಕ್ಕಿ ಇರುವ ಕಾರೇ ಬೇಕು ಎಂಬುದು ಮೊದಲ ತೀರ್ಮಾನ. "ಡಿಕ್ಕಿ ಇಲ್ಲದ ಕಾರಂದ್ರ ಹಿತ್ತಲ ಇಲ್ಲದ ಮನಿ ಇದ್ದಂಗ" ಅನ್ನುತ್ತಿದ್ದ. ಉದ್ದನೆಯ ಸೆಡಾನು ನಮ್ಮ ಕೈಗೂ ನಿಲುಕದು, ನಮ್ಮ ಓಣಿಯಲ್ಲೂ ಹೊರಳದು. ಆದ್ದರಿಂದ ಹಿಂಭಾಗ ಮೊಟಕು ಮಾಡಿದ ಸಣ್ಣ ಸೆಡಾನುಗಳು ಮೂರು ಪಟ್ಟಿಗೆ ಬಂದವು. ಹೆಸರು ಬರೆದರೆ ಪಕ್ಷಪಾತವಾಗುತ್ತದೆಂದು ಅವುಗಳಿಗೆ ಬಿಳಿದು, ಬೂದಿದು, ಕೆಂಪು ಎಂದಷ್ಟೇ ಬರೆದ. ಆಮೇಲೆ ಸಾಲುಗಳು ಬೆಳೆದವು. ಬಾಗಿಲಿನ ಸಪ್ಪಳಕ್ಕೆ ಹತ್ತು ಅಂಕ. ಹುಬ್ಬಳ್ಳಿಯ ಶೋರೂಮಿನಲ್ಲಿ ಟೈ ಕಟ್ಟಿದ ಮಧ್ಯವಯಸ್ಕ ಗೃಹಸ್ಥರೊಬ್ಬರು ಬಾಗಿಲು ಮುಚ್ಚುವುದು, ಅಪ್ಪ ರಸ್ತೆಯ ಆಚೆ ನಿಂತು ಕಿವಿಗೆ ಕೈ ಹಚ್ಚುವುದು. "ಇನ್ನೊಮ್ಮೆ ಹಾಕ್ರಿ! ಲಾರಿ ಹಾದು ಹೋತು!"

ಅವ್ವನ ತವರು ತೇರಗಾಂವ. ಡಿಕ್ಕಿಯಲ್ಲಿ ತವರಿನ ಅಕ್ಕಿಚೀಲ ಅಡ್ಡ ಮಲಗಬೇಕೆಂಬುದು ಅವಳ ಒಂದೇ ಶರತ್ತು. ಹಾಗಾಗಿ ನಾವು ಶೋರೂಮಿಗೆ ಹೋದಾಗಲೆಲ್ಲ ಅಕ್ಕಿಚೀಲವೂ ಬಸ್ಸಿನಲ್ಲಿ ನಮ್ಮೊಡನೆ ಹುಬ್ಬಳ್ಳಿ ನೋಡಿ ಬರುತ್ತಿತ್ತು. ಹೊತ್ತವನು ಯಾರೆಂದು ಹೇಳಬೇಕಿಲ್ಲವಷ್ಟೆ.

ಆದರೆ ನಿಜವಾದ ತೊಡಕು ತುರುಬು. ಅತ್ತಿ ಕಾಲು ಇಳಿಬಿಟ್ಟು ಕೂಡುವವಳಲ್ಲ; ಎಲ್ಲಿ ಕುಳಿತರೂ ಚಕ್ಕಳಮಕ್ಕಳವೇ. ಹಾಗೆ ಕುಳಿತರೆ ಸಹಜವಾಗಿ ಎತ್ತರ ಹೆಚ್ಚು. ಅದರ ಮೇಲೆ ನೆತ್ತಿಯಲ್ಲಿ ತೆಂಗಿನಕಾಯಿಯಷ್ಟು ತುರುಬು. ಈ ಸಣ್ಣ ಸೆಡಾನುಗಳ ಛಾವಣಿಯೋ ಹಿಂದೆ ಹೋದಂತೆ ಇಳಿಜಾರು. ಅಪ್ಪ ಸನವಳ್ಳಿಗೆ ಹೋಗಿ, ಅಕ್ಕನನ್ನು ಜಮಖಾನೆಯ ಮೇಲೆ ಕೂಡಿಸಿ, ನೆಲದಿಂದ ತುರುಬಿನ ತುದಿಯವರೆಗೆ ದಾರ ಹಿಡಿದು ಗಂಟು ಹಾಕಿಕೊಂಡು ಬಂದ. ಆ ದಾರವನ್ನು ಮೂರೂ ಕಾರುಗಳಲ್ಲಿ ಹಿಡಿದೆವು. ಬಿಳಿಯದರಲ್ಲೂ ಕೆಂಪಿನಲ್ಲೂ ದಾರ ಸಲೀಸಾಗಿ ಹಿಡಿಸಿತು. ಬೂದಿಯದರಲ್ಲಿ ಎರಡು ಬೆರಳು ಎತ್ತರ ಕಡಿಮೆ ಬಿತ್ತು. ಅಪ್ಪ ಶೋರೂಮಿನಿಂದಲೇ ಫೋನು ಹಚ್ಚಿದ.

"ಅಕ್ಕಾ, ತುರುಬ ಎರಡ ಬಳ್ಳ ಕೆಳಗ ಕಟ್ಟಿಕೊಳ್ಳಾಕ ಬರತೈತೇನ?"

"ಲಗ್ನ ಆದಾಗಿಂದ ಇಲ್ಲೇ ಕಟ್ಟೇನಿ. ಬೇಕಾರ ಅವರಿಗಿ ಕಾರ ಮ್ಯಾಲ ಕಟ್ಟಾಕ ಹೇಳು!"

ಬೂದಿಯದಕ್ಕೆ ತುರುಬಿನ ಸಾಲಿನಲ್ಲಿ ಸೊನ್ನೆ ಬಿತ್ತು.

ಇನ್ನು ವಾಂತಿಯ ಪರೀಕ್ಷೆ. ಅತ್ತಿಯನ್ನು ಕರೆತಂದು ನೋಡುವಂತಿಲ್ಲ; ಕರೆತರಲಿಕ್ಕೇ ಅಲ್ಲವೇ ಕಾರು? ಅವಳ ಪ್ರತಿನಿಧಿಯಾಗಿ ನಾನು ನೇಮಕವಾದೆ. "ನಿನ್ನ ಹೊಟ್ಟಿನೂ ಅಕ್ಕನ ಹೊಟ್ಟಿನೂ ಒಂದ. ರಕ್ತ ಸಂಬಂಧ" ಎಂದು ಅಪ್ಪ ತೀರ್ಪು ಕೊಟ್ಟ. ನಾಲ್ಕು ರೊಟ್ಟಿ, ಎಣ್ಣೆಗಾಯಿ, ಮೇಲೆ ಮಜ್ಜಿಗೆ ಹೊಡೆಸಿ, ಹಿಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿಸಿ, ಕುಳಗಿಯ ರಸ್ತೆಯಲ್ಲಿ ಮೂರು ವಾರ ಮೂರು ಕಾರು. ಬಿಳಿಯದು ದಾಟಿತು. ಕೆಂಪಿನಲ್ಲಿ ಜೊಲ್ಲು ಬಂತು, ಅಷ್ಟೇ. ಬೂದಿಯದರಲ್ಲಿ ಮಾತ್ರ ಟೈ ಕಟ್ಟಿದ ಗೃಹಸ್ಥರು ಗಾಡಿ ನಿಲ್ಲಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಮುಖ ಆಚೆ ತಿರುಗಿಸಿ ಕಾಡು ನೋಡುತ್ತ ನಿಂತರು. ಅಪ್ಪ ಬರೆದುಕೊಂಡ: 'ಒಂದು ಸಲ. ಪೂರ್ಣ.'

ಇಷ್ಟೆಲ್ಲ ಆಗಿ ಮೂವತ್ತೇಳು ಸಾಲು ಕೂಡಿಸಿದರೆ ಮೂರಕ್ಕೂ ಸಮ ಅಂಕ. ಬೂದಿಯದು ತುರುಬಿನಲ್ಲಿ, ವಾಂತಿಯಲ್ಲಿ ಕಳೆದುಕೊಂಡದ್ದನ್ನು ಬಾಗಿಲ ಸಪ್ಪಳದಲ್ಲಿ, ಅಕ್ಕಿಚೀಲದಲ್ಲಿ ಗಳಿಸಿಕೊಂಡಿತ್ತು. ಅಪ್ಪ ಮಿಲ್ಲಿನ ನಿಯಮದಂತೆ ಮತ್ತೆ ಮೊದಲಿನಿಂದ ಶುರುಮಾಡಿದ. ಎರಡನೆಯ ಸಲವೂ ಸಮ. ವರ್ಷ ಉರುಳಿತು. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಅಲ್ಲಿ ಒಂದು ಜೀವ ದಿನಕ್ಕಿಷ್ಟು ಕುರುಡಾಗುತ್ತಿದೆ, ಇಲ್ಲಿ ಇವನು ಬಾಗಿಲು ಬಡಿಸುತ್ತಿದ್ದಾನೆ! ಹಾಗೆಂದು ಒಮ್ಮೆ ಒದರಿಯೂಬಿಟ್ಟೆ. ಅಪ್ಪ ತಲೆ ತಗ್ಗಿಸಿ, "ತಪ್ಪ ಗಾಡಿ ತಂದು, ಆಕಿ ಮತ್ತ ಅರ್ಧಾ ದಾರಿಂದ ಹೊಳ್ಳಿ ಹೋದ್ರ?" ಅಂದ. ಅವನ ಹೆದರಿಕೆ ನನಗೆ ಅಂದು ಗೊತ್ತಾಯಿತು.

ಒಂದು ಮುಂಜಾನೆ ಮನೆಯ ಮುಂದೆ ಸಾಮಾನಿನ ಸಣ್ಣ ಟೆಂಪೊ ಬಂದು ನಿಂತಿತು. ಗೋವಿನಜೋಳದ ಚೀಲಗಳ ನಡುವೆ ಗಾದಿ ಹಾಸಿಕೊಂಡು, ಚಕ್ಕಳಮಕ್ಕಳ ಹಾಕಿ, ಹಣೆಯ ತುಂಬ ವಿಭೂತಿ ಬಳಿದುಕೊಂಡು ಅತ್ತಿ ಕುಳಿತಿದ್ದಳು. ಅಪ್ಪ ಬನಿಯನ್ನಿನಲ್ಲೇ ಓಡಿದ.

"ಅಕ್ಕಾ! ವಾಂತಿ?"

"ಗಾಳಿ ಬರ್ರಂತ ಬೀಸತೈತಿ, ಎಲ್ಲೀ ವಾಂತಿ? ಮ್ಯಾಲ ಏನೂ ಇಲ್ಲ, ತುರುಬಿಗೂ ಅಡ್ಡಿಲ್ಲ. ಒಂದ ಕಣ್ಣು ಹೋತೋ ತಮ್ಮಾ. ಇನ್ನೊಂದೂ ಹೋಗೂತನಾ ನಿನ್ನ ಹಾದಿ ಕಾಯಲೇನ?"

ಆಕೆ ಮನೆಯನ್ನೆಲ್ಲ ನೋಡಿದಳು. ಒಂದೊಂದು ಗೋಡೆಯ ಹತ್ತಿರ ಮುಖ ಒಯ್ದು, ಮುಟ್ಟಿ, ನೀರಿನ ಹಂಡೆಯನ್ನೂ ಬಿಡದೆ ನೋಡಿದಳು. ಅಪ್ಪ ಹಿಂದೆ ಹಿಂದೆ ಅಳುತ್ತ ಹೋದ. ಕೊನೆಗೆ ಅಪರಾಧಿಯಂತೆ ಆ ಹಾಳೆಯನ್ನು ತಂದು ಹಾಸಿದ. ಅಕ್ಕನ ಎತ್ತರ, ಅಕ್ಕನ ಹೊಟ್ಟೆ, ಅಕ್ಕನ ಮೊಣಕಾಲು, ಅಕ್ಕನ ಎಲೆಯಡಿಕೆ ಡಬ್ಬಿ ಇಡುವ ಜಾಗ, ಒಂದೊಂದನ್ನೇ ಓದಿ ಹೇಳಿದ. ಅತ್ತಿ ಎಲ್ಲ ಕೇಳಿಸಿಕೊಂಡು, "ಇದರ ತುಂಬ ನಾನ ಅದೇನಲ್ಲೋ! ಕಾರ ಎಲ್ಲೈತಿ?" ಅಂದಳು. ನಗುತ್ತಲೇ ಹಣೆಯ ವಿಭೂತಿಗೆ ಹೆಬ್ಬೆರಳು ಒತ್ತಿ, ಕಂಡಷ್ಟರಲ್ಲಿ ಹಾಳೆಯ ಮೇಲೆ ಒಂದು ಕಡೆ ಊರಿದಳು. "ಇದನ್ನ ತೊಗೋ." ಅದು ಬೂದಿಯದಾಗಿತ್ತು.

ವಾರದೊಳಗೆ ಬೂದಿ ಬಣ್ಣದ ಕಾರು ಬಂತು. ಅತ್ತಿ ಅದರಲ್ಲೇ ಸನವಳ್ಳಿಗೆ ಮರಳಿದಳು. ಕಿಟಕಿಗಳೆಲ್ಲ ತೆರೆದಿದ್ದರಿಂದ ವಾಂತಿ ಆಗಲಿಲ್ಲ. ತುರುಬು ಮಾತ್ರ ದಾರಿಯುದ್ದಕ್ಕೂ ಛಾವಣಿಗೆ ತಾಗುತ್ತಿತ್ತು. ಎರಡು ವರ್ಷಕ್ಕೆ ಇನ್ನೊಂದು ಕಣ್ಣೂ ಹೋಯಿತು. ಅವಳ ತಿರುಗಾಟ ಹೆಚ್ಚಾದದ್ದೇ ಆಮೇಲೆ. ಜೋಯಿಡಾ, ಹಳಿಯಾಳ, ಎಲ್ಲಿಗೆ ಹೊರಟರೂ, "ಗಾಡಿ ತಾ, ನಾನೂ ಬರ್ತೇನಿ."

ಹಳೆಯ ಕಾರು ಅಳೆಯುವವರು ಬಂದುಹೋದ ಆ ಸಂಜೆ ಅತ್ತಿಗೆ ಫೋನು ಮಾಡಿದೆ. "ಅತ್ತಿ, ಹೊಸ ಕಾರ ತೊಗೊಳ್ಳಾಕತ್ತೇನಿ. ಹಿಂದ ಬೇಕಾದಷ್ಟ ಎತ್ತರ ಐತಿ. ಇನ್ನ ತುರುಬ ತಾಗೂದಿಲ್ಲ."

ಅತ್ತಿ ಅಂದಳು: "ತಾಗದಿದ್ರ ನಮ್ಮ ಗಾಡ್ಯಾಗ ಕುಂತೇನಿ ಅಂತ ನನಗ ಹೆಂಗ ಗೊತ್ತಾಗಬೇಕೋ? ಈಗ ನಾ ಸಣ್ಣಾಕಿ ಆಗೇನಿ, ತುರುಬನೂ ನಿಂಬೀಹಣ್ಣಿನಷ್ಟ ಉಳದೈತಿ. ಹತ್ತಿದ ಕೂಡ್ಲೆ ಕುತಗಿ ಉದ್ದ ಮಾಡಿ ಒಮ್ಮೆ ತಾಗಿಸಿ ನೋಡ್ತೇನಿ. ತಾಗಿತಂದ್ರ ಸಮಾಧಾನ."

ಎಷ್ಟೋ ಸಲ ಕಾರಿನ ಕನ್ನಡಿಯಲ್ಲಿ ಅವಳು ಕತ್ತು ಚಾಚುವುದನ್ನು ನೋಡಿದ್ದೆ. ಮೈ ಮುರಿಯುತ್ತಾಳೆ ಎಂದುಕೊಂಡಿದ್ದೆ. ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ಅಪ್ಪ ಎದ್ದು ಹೋಗಿ ಅಟ್ಟದ ಮೇಲೆ ಸುತ್ತಿಟ್ಟಿದ್ದ ಆ ಅಂಕದ ಹಾಳೆ ತೆಗೆಸಿದ. ತುರುಬಿನ ಸಾಲು ಹುಡುಕಿ, ಬೂದಿಯದರ ಸೊನ್ನೆಯ ಹಿಂದೆ ಒಂದು ಬರೆದ. ಹತ್ತಾಯಿತು. ಮತ್ತೆ ಮೊದಲಿನಿಂದ ಕೂಡಿಸಿ, "ಈಗ ಗೆದ್ದತಿ ನೋಡು" ಅಂದ.

ಮರುದಿನ ಶೋರೂಮಿನವರ ಫೋನು ಬಂತು. "ಸರ್, ಯಾವುದು ಫೈನಲ್ ಮಾಡಿದ್ರಿ? ಹಿಂದಿನ ಸೀಟಿನ್ಯಾಗ ಭಾಳ ಎತ್ತರ ಕೊಟ್ಟಾರ್ರಿ ನೋಡ್ರಿ!"

"ತಗ್ಗಿಂದು ಐತೇನ್ರಿ? ಕುತಗಿ ಉದ್ದ ಮಾಡಿದ್ರ ತಲಿ ತಾಗಬೇಕು."



"ಯಾರಿಗ್ರಿ ಸರ್?"

"ನಮ್ಮ ಅತ್ತಿಗಿರಿ."

"ಭಾಳ ಗಿಡ್ಡ ಅದಾರೇನ್ರಿ?"

"ಇಲ್ರಿ," ಅಂದೆ, "ಅವರಿಗಿ ಕಣ್ಣ ಕಾಣೂದಿಲ್ಲ."