ಶಾಬುದ್ದೀನರ ಪುಕ್ಕಟೆ ಹೆಸರು

ಹುಬ್ಬಳ್ಳಿಯ ಕೇಶ್ವಾಪುರದ ಒಂದು ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಶಾಬುದ್ದೀನರು ಸ್ಟೀಲಿನ ಮೇಲೆ ಹೆಸರು ಹಾಕುತ್ತಿದ್ದರು. ಮದುವೆಗೆ ಕೊಡುವ ಕೊಡ, ಗೃಹಪ್ರವೇಶಕ್ಕೆ ಕೊಡುವ ತಾಟು, ತೀರಿಕೊಂಡವರ ನೆನಪಿಗೆ ಹಂಚುವ ತಂಬಿಗೆ, ಎಲ್ಲದರ ಮೇಲೂ ಅವರದೇ ಅಕ್ಷರ, ಸುತ್ತ ಅವರದೇ ಬಳ್ಳಿಯ ಚಿತ್ತಾರ. ಕೊರೆಯುವುದೇ ಕಸುಬಾದರೂ ಯಾರ ತಲೆಯನ್ನೂ ಕೊರೆದವರಲ್ಲ. ಮಷೀನು ಗುಂಯ್ ಎನ್ನುವಾಗ ಅವರು ಕೇಶ್ವಾಪುರದಲ್ಲಿ ಇರುತ್ತಲೇ ಇರಲಿಲ್ಲ. ಇಳಿಬಿಸಿಲಿನಲ್ಲಿ ಮಿನುಗುವ ಸ್ಟೀಲಿನ ಪುಡಿಯ ಹಿಂದೆ ಎಲ್ಲೋ ತೇಲುತ್ತಿದ್ದರು.

ಎರಡು ಸಾವಿರದ ಆರರ ಸುಮಾರಿಗೆ, ಎದುರಿನ ಸೈಬರ್ ಕೆಫೆಯ ವಿದ್ಯಾ ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟಳು. ಸೈಟಿನ ಹೆಸರಿಗೆ, ಎಂದರೆ ಅದರ ವಿಳಾಸಕ್ಕೆ, ಪ್ರತಿ ವರ್ಷ ದುಡ್ಡು ಕಟ್ಟಬೇಕು, ಆದರೆ ಸಮುದ್ರದ ನಡುವಿನ ಯಾವುದೋ ದ್ವೀಪದ ಪಾಲಿನ, ಕೊನೆಗೆ ಅದರ ಎರಡಕ್ಷರ ಹೊತ್ತ ಹೆಸರುಗಳು ಪುಕ್ಕಟೆ ಸಿಗುತ್ತವೆ ಎಂದಳು. ಮಾಡಿ ನೋಡುವವರಿಗೆ ಅದು ಛಲೋ, ಕೈ ಸುಡುವುದಿಲ್ಲ. ಆದರೆ ಆ ಹೆಸರು ನಮ್ಮ ಸ್ವಂತದ್ದಲ್ಲ. ವರ್ಷ ಮುಗಿಯುವ ಮೊದಲು ಮತ್ತೆ ಕೇಳಿಕೊಳ್ಳದಿದ್ದರೆ ಬೇರೆಯವರ ಪಾಲಾಗುತ್ತದೆ, ಮನಸ್ಸು ಬಂದರೆ ನಡುವೆಯೇ ಕಿತ್ತುಕೊಳ್ಳುತ್ತಾರೆ ಎಂದೂ ಹೇಳಿದಳು.

"ಹಾಕಿದ ಹೆಸರು ಯಾರರ ಕಿತ್ತಗೋತಾರೇನು ತಂಗಿ?" ಎಂದು ಶಾಬುದ್ದೀನರು ನಕ್ಕರು. ಅವರ ಲೋಕದಲ್ಲಿ ಅಡವಿಟ್ಟ ಕೊಡವೂ ತನ್ನ ಯಜಮಾನನ ಹೆಸರನ್ನೇ ಹೊತ್ತು ಕೂತಿರುತ್ತಿತ್ತು.

ಆ ದ್ವೀಪ ಅವರ ಮಧ್ಯಾಹ್ನದ ನಿದ್ದೆಯೊಳಗೆ ಬರತೊಡಗಿತು. ಸುತ್ತ ನೀಲಿ ನೀರು, ಮರಗಳ ತುಂಬ ಹಣ್ಣಿನಂತೆ ತೂಗುವ ಹೆಸರುಗಳು, ಕಾವಲಿಗೆ ಯಾರೂ ಇಲ್ಲ. ಇವರು ಒಂದನ್ನು ಹರಿದು ಜೇಬಿಗೆ ಹಾಕಿಕೊಂಡು ಅಲೆಗಳ ಮೇಲೆ ನಡೆದು ಮನೆಗೆ ಬರುತ್ತಿದ್ದರು.

ಸೈಟಿನಲ್ಲಿ ಅವರ ಬಳ್ಳಿಗಳ ಫೋಟೋ ಇದ್ದವು. ನಡುನಡುವೆ ಪುಕ್ಕಟೆಯ ಋಣಕ್ಕೆ ತೂಕ ಇಳಿಸುವ ಮಾತ್ರೆಯ ಜಾಹೀರಾತು ಜಿಗಿಯುತ್ತಿತ್ತು. ಆದರೂ ಸೋಲಾಪುರದಿಂದ ಯಾರೋ ಫೋನು ಮಾಡಿದರು. ಹೆಸರು ಹಾಕುವವರಿಗೂ ಹೆಸರು ಬಂತು. ಆ ಹಿಗ್ಗಿನಲ್ಲಿ ಅವರು ಪ್ರತಿ ಪಾತ್ರೆಯ ತಳಕ್ಕೂ ಸೈಟಿನ ವಿಳಾಸವನ್ನು ಸಣ್ಣಗೆ ಕೊರೆಯತೊಡಗಿದರು.

ಮರುವರ್ಷ ಗರಗದ ಚನ್ನಬಸವ್ವನವರು ತಂಬಿಗೆ ಮಾಡಿಸಲು ಬಂದರು. ಅವರ ಯಜಮಾನರು, ಹತ್ತಿ ವ್ಯಾಪಾರಿ ಗುರುಪಾದಪ್ಪನವರು, ತೀರಿ ವರ್ಷವಾಗುತ್ತಿತ್ತು. ಪುಣ್ಯಸ್ಮರಣೆಗೆ ಬೀಗರಿಗೆಲ್ಲ ಹಂಚಬೇಕಿತ್ತು. ಹೊಟ್ಟೆಯ ಮೇಲೆ ಗುರುಪಾದಪ್ಪನವರ ಹೆಸರು, ತಳದಲ್ಲಿ ಶಾಬುದ್ದೀನರ ವಿಳಾಸ. ಕೆಲಸ ಮುಗಿದ ದಿನವೇ ವಿದ್ಯಾ ರಸ್ತೆ ದಾಟಿ ಬಂದಳು.

"ಕಾಕಾ, ನಿಮ್ಮ ಸೈಟಿನ್ಯಾಗ ಇಸ್ಪೀಟ ಆಡಾಕತ್ತಾರ."

ವರ್ಷ ಮುಗಿಯುತ್ತಿದೆ ಎಂಬ ಇಂಗ್ಲಿಷ್ ಮೇಲ್ ಬಂದಿತ್ತು, ಶಾಬುದ್ದೀನರು ತೆರೆದು ನೋಡಿರಲಿಲ್ಲ. ಬಿಟ್ಟ ಹೆಸರನ್ನು ಯಾರೋ ಎತ್ತಿಕೊಂಡು ಜೂಜಿನ ಪುಟ ಇಟ್ಟಿದ್ದರು. ಪುಕ್ಕಟೆ ಸಿಕ್ಕ ಹೆಸರು, ಬೇಳೆ ಬೇಯಲಿಲ್ಲ. ದುಡ್ಡು ಕಟ್ಟಿ ಬೇರೆ ಹೆಸರು ತಗೋ ಎಂದು ವಿದ್ಯಾಳಿಗೆ ಅಲ್ಲೇ ಹೇಳಿದರು. ಆದರೆ ಸ್ಟೀಲಿನ ಮೇಲಿದ್ದದ್ದು ಅಳಿಸುವಂಥದ್ದಲ್ಲ. ತಂಬಿಗೆ ತೊಳೆದು ಬೋರಲು ಹಾಕಿದ ಮನೆಯಲ್ಲೆಲ್ಲ ತಳ ಕಾಣುತ್ತದೆ. ಯಾರಾದರೂ ಆ ಸೈಟು ತೆರೆದು ನೋಡಿದರೆ ಸತ್ತವರ ಮರ್ಯಾದೆ ಏನಾಗಬೇಕು? ಮುಚ್ಚಬೇಕೆಂದರೆ ಮೇಲೆ ಬಳ್ಳಿ ಹಬ್ಬಿಸಬೇಕು. ಚನ್ನಬಸವ್ವನವರಿಗೆ ಹೇಳದೆ ಹಬ್ಬಿಸಲು ಅವರಿಗೆ ಮನಸ್ಸಾಗಲಿಲ್ಲ.

ಚನ್ನಬಸವ್ವನವರು ಬಂದಾಗ ಶಾಬುದ್ದೀನರು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಚನ್ನಬಸವ್ವನವರು ಒಂದು ತಂಬಿಗೆ ತಿರುವಿ ಹಿಡಿದು ತಳ ನೋಡಿದರು.

"ಇಸ್ಪೀಟ ಅಂದ್ರಿ?"

"ಹೌದ್ರಿ ಅವ್ವಾರ. ನನ್ನ ತಪ್ಪು."

"ನಮ್ಮನಿಯವರೂ ಹತ್ತಿ ಮಾರಾಕಂತ ಹುಬ್ಬಳ್ಳಿಗಿ ಬಂದು ಇಸ್ಪೀಟ ಎಲಿ ಹಿಡಕೊಂಡು ಕುಂದರತಿದ್ರು. ನನಗ ಗೊತ್ತಿಲ್ಲಂತ ತಿಳಕೊಂಡ ಹೋದ್ರು, ಪಾಪ." ಅವರ ತುಟಿಯ ಅಂಚಿನಲ್ಲಿ ವರ್ಷದಿಂದ ಕಾಣದ ನಗು ಬಂದು ಕೂತಿತು. "ಬೀಗರವು ಎಲ್ಲಾ ಮುಚ್ಚಿಬಿಡ್ರಿ. ಇದೊಂದು ಹಿಂಗ ಇರ್ಲಿ, ನನಗ."

ಶಾಬುದ್ದೀನರು ಮಷೀನು ಹಚ್ಚಿದರು. ತಂಬಿಗೆಯ ತಳದಲ್ಲಿ ಒಂದೊಂದೇ ಅಕ್ಷರ ಎಲೆಯಾಗತೊಡಗಿತು. ಚನ್ನಬಸವ್ವನವರು ತಮ್ಮದನ್ನು ಸೆರಗಿನಲ್ಲಿ ಸುತ್ತಿಕೊಂಡು, ಗರಗದ ಬಸ್ಸಿನ ಹೊತ್ತು ಮರೆತು ಕಟ್ಟೆಯ ಮೇಲೆ ಕೂತೇ ಇದ್ದರು.