ಖಾಜಾಮಿಯಾನ ಕೈ ಮತ್ತು ಹನ್ನೊಂದಡಿಯ ಕೋಲು

ಶಹಾಬಾದದ ಕಲ್ಯಾಣಪ್ಪನವರ ಪಾಲಿಶ್ ಕಾರ್ಖಾನೆಯಲ್ಲಿ ಖಾಜಾಮಿಯಾನ ಬೆರಳು ತಗಲದೆ ಒಂದು ಫರಸಿಕಲ್ಲೂ ಲಾರಿ ಹತ್ತುತ್ತಿರಲಿಲ್ಲ. ಮಶೀನಿನಿಂದ ಇಳಿದ ಒದ್ದೆ ಕಲ್ಲುಗಳ ಸಾಲಿಗೆ ಅವನು ಬರುವನು, ಕಣ್ಣು ಮುಚ್ಚುವನು, ಬೆರಳ ತುದಿಗಳನ್ನು ಈ ಅಂಚಿನಿಂದ ಆ ಅಂಚಿಗೆ ಮೆಲ್ಲಗೆ ಎಳೆಯುವನು. ನೋಡಿದವರಿಗೆ ಮುಖ ಕಾಣುವಷ್ಟು ನಯವಾದ ಕಲ್ಲಿನಲ್ಲೂ ಅವನಿಗೆ ಕೂದಲೆಳೆಯಷ್ಟು ಉಬ್ಬು ಸಿಕ್ಕಿಬಿಡುತ್ತಿತ್ತು. ಕಣ್ಣು ಯಾಕೆ ಮುಚ್ಚುತ್ತೀ ಎಂದು ಯಾರಾದರೂ ಕೇಳಿದರೆ, "ನೀರು ಬಿದ್ದ ಕಲ್ಲು ಕಣ್ಣಿಗೆ ಸುಳ್ಳು ಹೇಳ್ತದ್ರಿ" ಎನ್ನುವನು. ಹೇಳುವಾಗ ಸ್ವಲ್ಪ ಜಂಬವೂ ಇರುತ್ತಿತ್ತು. ಇರಲಿ ಬಿಡಿ, ಹರೆಯದಲ್ಲಿ ಕೈ ಮಶೀನು ಹಿಡಿದು ಕಲ್ಲು ಉಜ್ಜಿ ಉಜ್ಜಿ ಮೇಲೆ ಬಂದವನಿಗೆ ಅಷ್ಟು ಜಂಬ ಸಲ್ಲುತ್ತದೆ.

ವಾರದ ಸೂಟಿ ಬಂತೆಂದರೆ ಅದೇ ಕೈ ದಂಡೋತಿಯ ಕಾಗಿಣಾ ಹೊಳೆಯಲ್ಲಿ ಮೀನು ಹಿಡಿಯುತ್ತಿತ್ತು. ಹೊಳೆಯ ದಂಡೆಗೆ ಬೆಂಡು ಕಟ್ಟಿದ ಗಾಳ ಬಿಟ್ಟು ಬೀಡಿ ಸೇದುತ್ತ ಕೂಡುವವರನ್ನು ಕಂಡರೆ ಅವನಿಗೆ ನಗು. ಅವನ ಗಾಳಕ್ಕೆ ಬೆಂಡಿಲ್ಲ. ಎರೆಹುಳದ ಮೇಲೆ ಒಂದು ಸಣ್ಣ ಸೀಸದ ಗುಂಡು, ಅಷ್ಟೆ. ಮೊಣಕಾಲು ನೀರಿನಲ್ಲಿ ನಿಂತು, ಹರಿವಿನ ಮೇಲ್ಗಡೆ ಎಸೆದು, ಗುಂಡು ತಳದ ಕಲ್ಲುಗಳ ಮೇಲೆ ಕುಪ್ಪಳಿಸುತ್ತ ಬರುವುದನ್ನು ಕೈಯಲ್ಲೇ ಕೇಳಬೇಕು. ಕಲ್ಲು ತಾಗಿದ್ದು ಬೇರೆ, ಮೀನು ಮುಟ್ಟಿದ್ದು ಬೇರೆ. ಆ ವ್ಯತ್ಯಾಸ ತಿಳಿದ ಕ್ಷಣ ಮಣಿಕಟ್ಟು ಎತ್ತಬೇಕು. ತಡವಾದರೆ ಮೀನು ಹುಳ ತಿಂದು ಉಗುಳಿ ಹೋಗಿರುತ್ತದೆ.

ಈ ಸಲ ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಗಾಳ ಬರಿದಾಗಿ ಮೇಲೆ ಬರತೊಡಗಿತು. ಹುಳ ಇಲ್ಲ, ಮೀನೂ ಇಲ್ಲ. ಯಾವುದೋ ಮೀನು ಬಂದು ಆರಾಮಾಗಿ ಉಂಡು ಹೋಗಿದೆ, ಕೈಗೆ ಸುದ್ದಿಯೇ ಇಲ್ಲ. ಖಾಜಾಮಿಯಾ ಬಿದಿರ ಕೋಲನ್ನು ಬೈದ. ಹಳೆಯದಾಗಿದೆ, ಒಳಗೆ ಬಿರುಕು ಬಿಟ್ಟಿದೆ, ಅದಕ್ಕೇ ಮೀನಿನ ಮಾತು ಕೈಗೆ ಮುಟ್ಟುತ್ತಿಲ್ಲ ಎಂದುಕೊಂಡ. ಹೊಸ ಬಿದಿರು ತಂದ. ಗಾಳ ಬರಿದಾಗಿಯೇ ಬಂತು.

ಕಲ್ಲು ಕೊರೆಯುವ ಮಶೀನಿನ ಸಿದ್ದಣ್ಣ ಊಟದ ಹೊತ್ತಿಗೆ ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಪರದೇಶದ ಮಂದಿ ಹೊಳೆಯಲ್ಲಿ ನಿಂತು, ಉದ್ದನೆಯ ಕೋಲು ಮುಂದೆ ಚಾಚಿ, ಥೇಟ್ ಖಾಜಾಮಿಯಾನಂತೆಯೇ ಬೆಂಡಿಲ್ಲದೆ ಹಿಡಿಯುತ್ತಿದ್ದರು. ಗಾಳಕ್ಕೆ ಹುಳದ ಬದಲು ಹಿತ್ತಾಳೆ ಬಣ್ಣದ ಗುಂಡಿಗೆ ದಾರ ಸುತ್ತಿ ಮಾಡಿದ ಸುಳ್ಳು ಹುಳ.

"ನೋಡ್ರಿ ಖಾಜಾಭಾಯ್, ನಿಮ್ಮ ಕಸಬು ಅಲ್ಲೂ ನಡದದ" ಎಂದ ಸಿದ್ದಣ್ಣ. "ಕೋಲು ಹನ್ನೊಂದಡಿ ಇರಬೇಕಂತ. ಕಾರ್ಬನ್ನಿಂದು. ತುದಿ ಭಾಳ ಮೆತ್ತಗ, ಬುಡ ಗಟ್ಟಿ. ದಾರ ಕೂದಲಷ್ಟು ಸಣ್ಣದು. ಮೀನು ಉಸಿರು ಬಿಟ್ಟರೂ ಕೈಗೆ ಗೊತ್ತಾಗ್ತದಂತ."

ಕೊನೆಯ ಮಾತು ಖಾಜಾಮಿಯಾನ ಎದೆಗೆ ನಾಟಿತು. ಇಬ್ಬರೂ ಕೂಡಿ ಒಂಬತ್ತಡಿಯದು ನೋಡಿದರು, ಅದು ಗಿಡ್ಡ. ದೊಡ್ಡ ಮೀನಿನ ದಪ್ಪ ಕೋಲು ನೋಡಿದರು, ಅದು ಮಂದ. ಕಡೆಗೆ ಸಿದ್ದಣ್ಣನ ಮೊಬೈಲಿನಿಂದಲೇ ಹನ್ನೊಂದಡಿಯದು, ಎಲ್ಲಕ್ಕಿಂತ ಹಗುರಾದದ್ದು ತರಿಸಿದರು. ಜೊತೆಗೆ ಒಂದು ಗೇಣು ಕೆಂಪು ದಾರವೂ ಬಂದಿತ್ತು. ಅದನ್ನು ಗಾಳದ ದಾರದ ನಡುವೆ ಕಟ್ಟಿದರೆ, ಮೀನು ಮುಟ್ಟಿದಾಗ ಅದು ಅದುರುವುದು ಕಣ್ಣಿಗೆ ಕಾಣುತ್ತದೆ.

"ಇದು ಕೈ ಸತ್ತವರಿಗೆ" ಎಂದು ಖಾಜಾಮಿಯಾ ಅದನ್ನು ಜೇಬಿಗೆ ತುರುಕಿದ. ಅಂದ ಮೇಲೆ ಆ ಮಾತು ಅವನನ್ನೇ ಚುಚ್ಚಿತು.

ಯಾಕೆಂದರೆ ಅವನಿಗೆ ಹೆದರಿಕೆ ಹುಟ್ಟಿ ಆಗಲೇ ಕೆಲವು ತಿಂಗಳಾಗಿತ್ತು. ಬೆಳಿಗ್ಗೆ ಎದ್ದಾಗ ಬೆರಳುಗಳು ಬೆಳ್ಳಗೆ ಬಿಳಿಚಿರುತ್ತಿದ್ದವು, ಜೋಮು ಹಿಡಿದಿರುತ್ತಿದ್ದವು. ಮೊದಲು ಚಾ ಕುಡಿಯುವ ಹೊತ್ತಿಗೆ ಬಿಡುತ್ತಿದ್ದ ಜೋಮು ಈಗ ಮಧ್ಯಾಹ್ನವಾದರೂ ಬಿಡುತ್ತಿರಲಿಲ್ಲ. ಸೇಡಂಗೆ ಹೋದ ಲೋಡಿನಿಂದ ಕಲ್ಲು ನಯವಾಗಿಲ್ಲವೆಂದು ವಾಪಸ್ ಬಂದಾಗ, ಮಶೀನಿನ ಉಜ್ಜುವ ಪಟ್ಟೆ ಸವೆದಿದೆ ಎಂದು ಎಲ್ಲರಿಗಿಂತ ಮೊದಲು ಕೂಗಿದವನು ಅವನೇ. ಕಲ್ಯಾಣಪ್ಪನವರು ನಂಬಿ ಪಟ್ಟೆ ಬದಲಿಸಿದರು. ಅವರು ನಂಬಿದ್ದರಿಂದಲೇ ಅವನಿಗೆ ಇನ್ನಷ್ಟು ಭಯವಾಯಿತು. ಈಗ ಕಲ್ಲಿನ ಮುಂದೆ ಕಣ್ಣು ಮುಚ್ಚಿದರೆ ಒಳಗೆ ಬರೀ ಕತ್ತಲೆ. ಆದರೂ ಬೆರಳು ಎಳೆದು, ತಲೆ ಆಡಿಸಿ, "ಹಾಕ್ರಿ ಲಾರಿಗೆ" ಎನ್ನುತ್ತಿದ್ದ.

ಹಾಗಾಗಿ ಅವನಿಗೆ ಬೇಕಾಗಿದ್ದದ್ದು ಮೀನಲ್ಲ. ತಪ್ಪು ಕೋಲಿನದು ಎಂದು ಯಾರಾದರೂ ಹೇಳಬೇಕಾಗಿತ್ತು.

ಮುಂದಿನ ಸೂಟಿಗೆ ಹೆಂಡತಿ ಹಮೀದಾಬಿಯೂ ದಂಡೋತಿಗೆ ಬಂದಳು. ಅವಳ ಅಕ್ಕ ಜಾನಬಿಯ ಮನೆ ಅಲ್ಲೇ. ಅಕ್ಕನ ಮನೆಯಲ್ಲಿ ರೊಟ್ಟಿ ತಿಂದು ಗಂಡ ಹೆಂಡತಿ ಇಬ್ಬರೂ ಹೊಳೆಗಿಳಿದರು. ಖಾಜಾಮಿಯಾ ಹೊಸ ಕೋಲು ಬಿಚ್ಚಿ, ಎಸೆದ. ಏನೂ ಇಲ್ಲ. ಗುಂಡು ಹಗುರಾಯಿತು, ತಳ ಮುಟ್ಟುತ್ತಿಲ್ಲ ಎಂದು ಭಾರದ ಗುಂಡು ಹಾಕಿದ. ಏನೂ ಇಲ್ಲ. ಇನ್ನೂ ಭಾರದ್ದು ಹುಡುಕಲು ಚೀಲಕ್ಕೆ ಬಾಗಿದಾಗ ಕೋಲನ್ನು ಹೆಂಡತಿಯ ಕೈಗೆ ಕೊಟ್ಟ. ಹುಟ್ಟಿದಾಗಿನಿಂದ ಗಾಳ ಮುಟ್ಟದವಳು ಅವಳು.

"ಅಯ್ಯ, ಇದೇನ್ರಿ, ಕೈಯಾಗ ಟಕಟಕ ಅನ್ಲಿಕತ್ತದ" ಎಂದಳು ಹಮೀದಾಬಿ. "ಕಲ್ಲಿಗಿ ಬಡ್ಯಾಕತ್ತದೇನು?"

ಖಾಜಾಮಿಯಾನ ಕೈ ಚೀಲದೊಳಗೇ ನಿಂತಿತು. ಎದ್ದು ಬಂದು ಕೋಲು ಇಸಿದುಕೊಂಡ. "ಹೌದು, ಬಡ್ಯಾಕತ್ತದ" ಎಂದ.

ಹಮೀದಾಬಿ ಅವನ ಮುಖ ನೋಡಿದಳು. ಮೊನ್ನೆ ಒಲೆಯ ಮೇಲಿನ ಕಾದ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸಿ, ಸುಟ್ಟ ಬೊಬ್ಬೆಯನ್ನು ಮರುದಿನ ಕಂಡು ಇದೇನೆಂದು ಅವನು ಕೇಳಿದ್ದು ಅವಳಿಗೆ ನೆನಪಿತ್ತು.

"ಕಣ್ಣು ಮುಚ್ಚರಿ" ಎಂದಳು. "ಕಾರ್ಖಾನಿದಾಗ ಮುಚ್ತೀರಲ್ಲ, ಹಂಗೇ. ನಾ ದಾರ ಎಳೀತೀನಿ. ಎಳದಾಗ ಹೇಳ್ರಿ."

ಬೇಡ ಎನ್ನಲು ಅವನಿಗೆ ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿದ. ಅವಳು ನೀರಿನಲ್ಲಿ ನಡೆದು ಹೋದದ್ದು ಕೇಳಿಸಿತು. ಆಮೇಲೆ ಹೊಳೆಯ ಸದ್ದು ಮಾತ್ರ. ಅವನು ಪ್ರಾಣವನ್ನೆಲ್ಲ ಬೆರಳ ತುದಿಗೆ ತಂದು ಕಾದ. ದೂರದಲ್ಲಿ ಎಮ್ಮೆ ತೊಳೆಯುವವರ ಮಾತು ಬಂದು ಹೋಯಿತು.

"ಎಳಿ ಹಮೀದಾ, ಯಾಕ ಸುಮ್ಮ ನಿಂತಿ?"

ಕಣ್ಣು ತೆರೆದ. ಎದುರಿಗೆ ಹಮೀದಾಬಿ ದಾರವನ್ನು ಹಿಡಿದು ಜಗ್ಗುತ್ತಿದ್ದಳು. ಕೋಲಿನ ತುದಿ ಬಾಗಿ ಬಾಗಿ ಏಳುತ್ತಿತ್ತು. ಅವಳ ಕಣ್ಣು ತುಂಬಿದ್ದವು.

"ಆವಾಗಿಂದ ಎಳೀಲಿಕತ್ತೀನ್ರಿ" ಎಂದಳು.

ಖಾಜಾಮಿಯಾ ದಂಡೆಯ ಕಲ್ಲಿನ ಮೇಲೆ ಕುಳಿತ. ಜೇಬಿನಿಂದ ಆ ಕೆಂಪು ದಾರ ತೆಗೆದು ಅವಳ ಮುಂದೆ ಹಿಡಿದ. "ಇದನ್ನ ನಡುವ ಕಟ್ಟಿಕೊಡು. ಕಣ್ಣಿಂದ ನೋಡಿ ಹಿಡಿತೀನಿ. ಕೋಲೇನು ಛಲೋನೇ ಅದ."

ಅವಳು ಬಾಗಿ, ಹಲ್ಲಿನಿಂದ ಕಚ್ಚಿ ಗಂಟು ಬಿಗಿದಳು. ಕಟ್ಟಿ ಮುಗಿದ ಮೇಲೂ ದಾರ ಬಿಡದೆ ಕೇಳಿದಳು:

"ಇದಕ್ಕ ಕಟ್ಟಿದೆ. ನಾಳಿ ಕಲ್ಲಿಗಿ ಏನು ಕಟ್ತೀರಿ?"

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಲಾರಿಗೆ ಹಾಕಿಸಿದ ಕಲ್ಲುಗಳೆಲ್ಲ ನೆನಪಾದವು.

"ಮಾಲಕಗ ಹೇಳ್ತೀನಿ" ಎಂದ. "ಮುಂಜಾನಿ ನೀನೂ ಬಾ. ಒಬ್ಬನಿಗೇ ಅಂಜಿಕಿ ಬರ್ತದ."